ತೋಳಿನ ಮೇಲೆ ಮೂರು ಕಪ್ಪು

ಜೂನ್ 3, ಮಂಗಳವಾರ

ವಿಮೆ ಕಂಪನಿಯವರು ಬಿಟ್ಟಿ ಕೊಟ್ಟ ಡೈರಿ ಐದು ತಿಂಗಳಿಂದ ಖಾಲಿ ಬಿದ್ದಿತ್ತು. ನನ್ನ ತಲೆಯಲ್ಲಿರುವುದೆಲ್ಲ ನನ್ನ ಜೊತೆಗೇ ಮಣ್ಣಾದರೆ ನಷ್ಟ ಯಾರಿಗೆ? ಲೋಕಕ್ಕೆ. ಅದಕ್ಕೇ ಇವತ್ತಿನಿಂದ ಬರೆಯುತ್ತೇನೆ. ಆದರೆ ಯಾರೂ ಓದಕೂಡದು. ಓದಿದವರಿಗೆ ಹೊಟ್ಟೆಕಿಚ್ಚು ಹತ್ತೀತು.

ಇವತ್ತು ಕ್ವಿಯೆನಳ ಅಂಗಡಿಗೆ ಮೂರು ಹೊಸ ಕಪ್ಪು ಬಂದವು. ಕ್ವಿಯೆನ್ ನನ್ನ ಅಕ್ಕನ ಮಗಳು. ಇಲ್ಲಿ ಅಮೆರಿಕದ ಬೋಲ್ಸಾ ರಸ್ತೆಯಲ್ಲಿ, ಫೋ ಎಂಬ ನಮ್ಮ ಶಾವಿಗೆ ಸಾರಿನ ಹೋಟೆಲಿನ ಪಕ್ಕದ ಮಳಿಗೆಯಲ್ಲಿ, ಹೆಂಗಸರ ಹುಬ್ಬಿಗೂ ರೆಪ್ಪೆಯ ಅಂಚಿಗೂ ಸೂಜಿಯಿಂದ ಬಣ್ಣ ಕೂರಿಸುವುದು ಅವಳ ಕಸುಬು. ನಮ್ಮ ಕಾಲದಲ್ಲಿ ಹಚ್ಚೆ ಎನ್ನುತ್ತಿದ್ದೆವು, ಈಗ ಪರ್ಮನೆಂಟ್ ಮೇಕಪ್ ಅಂತೆ. ನಾನು ಅಲ್ಲಿ ನೆಲ ಗುಡಿಸುತ್ತೇನೆ, ಬಂದವರಿಗೆ ಟೀ ಕೊಡುತ್ತೇನೆ, ಕೇಳಿದವರಿಗೂ ಕೇಳದವರಿಗೂ ಸಲಹೆ ಕೊಡುತ್ತೇನೆ. ಮೊದಲ ಎರಡಕ್ಕೆ ಬೇರೆ ಯಾರಾದರೂ ಸಿಕ್ಕಾರು, ಮೂರನೆಯದಕ್ಕೆ ಸಿಗುವುದಿಲ್ಲ.

ಅವಳು ಒದ್ದೆ ಕಾಗದದ ಮೇಲೆ ಮೂರು ಕಪ್ಪಿನದೂ ಒಂದೊಂದು ಹನಿ ಬಿಟ್ಟಳು. ಮೊದಲನೆಯದು ಮಸಿಯದು, ಹಿಟ್ಟಿಗಿಂತ ನುಣುಪು. ಎರಡನೆಯದು ಕಬ್ಬಿಣದ ತುಕ್ಕಿನ ಜಾತಿ. ಮೂರನೆಯದು ಎರಡನ್ನೂ ಬೆರೆಸಿ ಚೂರು ಕಿತ್ತಳೆ ಬಣ್ಣ ಸೇರಿಸಿದ್ದು. ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಮಸಿಯದಕ್ಕೆ ಬೆರಳಿಟ್ಟೆ. ಕಾಗೆಗೇ ನಾಚಿಕೆಯಾಗಬೇಕು, ಅಂಥ ಕಪ್ಪು. ಅವಳು ಹನಿ ಹರಡುವವರೆಗೆ ಕಾದಳು. ಸುತ್ತ ಒಂದು ಉಂಗುರ ಬಿಟ್ಟುಕೊಂಡಿತು. ಮಸಿಯ ಅಂಚು ನೀಲಿ, ತುಕ್ಕಿನ ಅಂಚು ಕೆಂಪು, ಬೆರಕೆಯದು ಕಂದು.

"ನೋಡಿ ಮಾವ, ಯಾವ ಕಪ್ಪೂ ಬರೀ ಕಪ್ಪಲ್ಲ. ಚರ್ಮದೊಳಗೆ ಕೂತು ಹಳೇದಾದ್ಮೇಲೆ ಈ ಅಂಚಿನ ಬಣ್ಣನೇ ಮೇಲಕ್ಕೆ ಬರೋದು" ಎಂದಳು.

ನನಗೆ ಕಪ್ಪಿನ ಪಾಠ! ಸೈಗಾನಿನ ಕಡೆಯ ನಮ್ಮೂರು ಸಾ ಡೆಕ್‌ನ ಹೊಳೆಯಲ್ಲಿ ಓಡಾಡುತ್ತಿದ್ದ ದೋಣಿಗಳಲ್ಲಿ ಅರ್ಧದಷ್ಟಕ್ಕೆ, ದಾರಿ ಕಾಣಲೆಂದು, ಕಣ್ಣು ಬರೆದವನು ನಾನು. ಮೂತಿಗೆ ಕೆಂಪು, ಅದರ ಮೇಲೆ ಬಿಳಿ ಬಟ್ಟಲು, ನಡುವೆ ಕಪ್ಪು ಪಾಪೆ. ಆ ಕಪ್ಪನ್ನು ದೀಪದ ಕಾಡಿಗೆ ಹಿಡಿದು, ಮರದ ಎಣ್ಣೆಯಲ್ಲಿ ಅರೆದು ನಾನೇ ಮಾಡುತ್ತಿದ್ದೆ. ನಾನು ಕಣ್ಣು ಕೊಟ್ಟ ದೋಣಿ ಒಂದೂ ದಾರಿ ತಪ್ಪಲಿಲ್ಲ. ಎರಡು ಮುಳುಗಿದವು, ಅದು ಬೇರೆ ಮಾತು.

ಇದನ್ನೆಲ್ಲ ಹೇಳಿದೆ. "ನೀವು ಬರೆದದ್ದು ಮರದ ಮೇಲೆ ಮಾವ" ಎಂದು ಸೀಸೆಯ ಮುಚ್ಚಳ ತಿರುವಿದಳು.

ಜೂನ್ 5, ಗುರುವಾರ

ಖುಯೆ ಎಂಬ ಗಿರಾಕಿ ಬಂದಿದ್ದರು, ಬ್ಯಾಂಕಿನಲ್ಲಿ ಕೆಲಸವಂತೆ. ಸರದಿಗೆ ಕಾಯುತ್ತಿದ್ದರಲ್ಲ, ಸುಮ್ಮನೆ ಕೂರಿಸಬಾರದೆಂದು ಮೂರು ಕಪ್ಪಿನ ವಿಷಯ ತೆಗೆದೆ. ದುಡ್ಡು ಕೊಟ್ಟು ಮಾಡಿಸಿಕೊಳ್ಳುವಾಗ ಪೂರಾ ಕಪ್ಪನ್ನೇ ಹಾಕಿಸಿಕೊಳ್ಳಿ, ಕಂದು ಬಣ್ಣ ಕೈಲಾಗದವರದು ಎಂದೆ. ಅವರು ಒಳಗೆ ಹೋಗಿ ಮಸಿಯೇ ಬೇಕೆಂದು ಪಟ್ಟು ಹಿಡಿದರು. ರೆಪ್ಪೆಯ ಅಂಚಿಗೆ ಬೇಕಾದರೆ ಹಾಕುತ್ತೇನೆ, ಹುಬ್ಬಿಗೆ ಸುತರಾಂ ಇಲ್ಲ ಎಂದಳು ಕ್ವಿಯೆನ್. ನಿಮ್ಮ ಮಾವನಿಗೆ ಗೊತ್ತಿರುವಷ್ಟು ನಿನಗೆ ಗೊತ್ತಿಲ್ಲವಲ್ಲ ಎಂದು ಆಯಮ್ಮ ಚೀಲ ಎತ್ತಿಕೊಂಡು ನಡೆದರು.

ಇನ್ನು ಮೇಲೆ ಗಿರಾಕಿಗಳ ಹತ್ತಿರ ಟೀ, ಹವಾಮಾನ ಎರಡೇ ಮಾತು ಎಂದು ನನಗೆ ಅಪ್ಪಣೆಯಾಗಿದೆ. ಹವಾಮಾನದ ಬಗ್ಗೆಯೂ ನನಗೆ ಬೇಕಾದಷ್ಟು ಗೊತ್ತು.

ಜೂನ್ 11, ಬುಧವಾರ

ನನ್ನ ಹೆಂಡತಿ ಥಾಮಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಎರಡು ಕಣ್ಣಲ್ಲೂ ಪೊರೆ. ಬಲಗಣ್ಣಿನದು ಬಲಿತುಬಿಟ್ಟಿದೆ. ಅಕ್ಟೋಬರ್ 21ಕ್ಕೆ ಆಪರೇಷನ್. ಆ ದಿನ ಮುಖಕ್ಕೆ ಪೌಡರು, ಪೆನ್ಸಿಲು, ಏನೂ ಹಚ್ಚಿಕೊಂಡು ಬರಬಾರದು, ಆಮೇಲೂ ಕೆಲವು ವಾರ ಕಣ್ಣಿನ ಸುತ್ತಮುತ್ತ ಏನೂ ತಾಗಿಸಬಾರದು ಎಂದರು.

ಇವಳು ನಮ್ಮ ಭಾಷೆಯಲ್ಲಿ ತಿಳಿಸಿ ಹೇಳುವ ಹುಡುಗಿಯನ್ನು ಕೇಳಿದಳು. "ಹುಬ್ಬಿಗೂ ಹಚ್ಚಬಾರ್ದಾ?"

ಹುಬ್ಬಿಗೂ ಇಲ್ಲವಂತೆ. ಮತ್ತೆ ಕೇಳಿದಳು. ಮತ್ತೆ ಅದೇ ಉತ್ತರ.

ಕಾರಿನಲ್ಲಿ ನಾನು, ಕಣ್ಣು ಸರಿಯಾದ ಮೇಲೆ ನನ್ನ ಮುಖ ನೋಡಿ ಮತ್ತೊಮ್ಮೆ ಮನಸೋಲುತ್ತೀಯ, ಹುಷಾರು ಎಂದೆ. ನಗಲಿಲ್ಲ. ಪಕ್ಕದಿಂದ ನೋಡಿದೆ. ಎಡಗಡೆಯ ಹುಬ್ಬು ಬಲಗಡೆಯದಕ್ಕಿಂತ ಒಂದು ಬೆರಳು ಮೇಲೆ ಕೂತಿತ್ತು. ಕನ್ನಡಿಯಲ್ಲಿ ಸರಿಯಾಗಿ ಕಾಣದೆ ಬರೆದುಕೊಂಡಿದ್ದಾಳೆ.

ಜೂನ್ 12, ಗುರುವಾರ

ಆಪರೇಷನ್ ಬೇಡವಂತೆ. ಕಾಣುವಷ್ಟು ಸಾಕಂತೆ. ಹಾಗೆಂದವಳೇ ಸಕ್ಕರೆ ಡಬ್ಬಿ ಎಂದುಕೊಂಡು ಉಪ್ಪಿನ ಡಬ್ಬಿಗೆ ಚಮಚ ಹಾಕಿದಳು.

ಜೂನ್ 14, ಶನಿವಾರ

ಗಿರಾಕಿಗಳಿಲ್ಲದ ಹೊತ್ತು ನೋಡಿ ಕ್ವಿಯೆನಳ ಹತ್ತಿರ ವಿಷಯ ತೆಗೆದೆ. ನಿನ್ನ ಅತ್ತೆಯ ಹುಬ್ಬು ಪೆನ್ಸಿಲ್ಲಿನದು, ಅದರಡಿ ಹಳೆಯ ಹಚ್ಚೆ ಇದೆ, ನೀಲಿಗೆ ತಿರುಗಿದೆ, ಅದು ನಾಲ್ಕು ಜನಕ್ಕೆ ಕಂಡೀತೆಂದೇ ಆಪರೇಷನ್ ಬೇಡ ಎನ್ನುತ್ತಾಳೆ, ಮೇಲೆ ಒಂದು ಕೈ ಕಪ್ಪು ಬಳಿದು ಮುಚ್ಚಿಬಿಡು ಎಂದೆ. ನೀಲಿಯ ಮೇಲೆ ಕಪ್ಪು ಬಳಿದರೆ ಇನ್ನೂ ದಟ್ಟ ನೀಲಿಯಾಗುತ್ತದೆ ಮಾವ ಎಂದಳು. ಮೊದಲು ಕಿತ್ತಳೆ ಬಣ್ಣ ಕೂರಿಸಿ ನೀಲಿಯನ್ನು ಸಾಯಿಸಬೇಕು. ಗಾಯ ಒಣಗಿ, ಬಣ್ಣ ಇಳಿದು ನಿಲ್ಲಲು ಆರು ವಾರ ಬಿಡಬೇಕು. ಕಪ್ಪಿನ ಸರದಿ ಆಮೇಲೆ. ಅಕ್ಟೋಬರಿನೊಳಗೆ ಎರಡೂ ಮುಗಿಯಬೇಕಾದರೆ ಈಗಲೇ ಶುರುವಾಗಬೇಕು. ಯಾವ ಕಪ್ಪು ಎಂಬುದು ಅವಳಿಗೂ ಖಾತ್ರಿಯಿಲ್ಲ. ಸೀಸೆಗಳು ಹೊಸವು, ನಮ್ಮ ಮಂದಿಯ ಚರ್ಮದಲ್ಲಿ ಹೇಗೆ ಒಣಗುತ್ತವೋ ಇನ್ನೂ ನೋಡಿಲ್ಲ.

"ಯಾರು ಮಾಡಿದ್ದು ಇದನ್ನ?" ಎಂದು ಕೇಳಿದಳು.

ಸಾ ಡೆಕ್ ಸಂತೆಯ ಯಾವಳೋ ಹೆಂಗಸು ಎಂದೆ.

ಡೈರಿಯಲ್ಲಿ ಸುಳ್ಳು ಬರೆದರೆ ಡೈರಿ ಇಟ್ಟು ಏನು ಸುಖ? ನಾನೇ ಮಾಡಿದ್ದು. ತೊಂಬತ್ತಮೂರರಲ್ಲಿ. ಅಮೆರಿಕದ ಕಾಗದಪತ್ರಕ್ಕೆ ಫೋಟೋ ತೆಗೆಸಬೇಕಿತ್ತು. ನನ್ನ ಹುಬ್ಬು ತೆಳು, ಫೋಟೋದಲ್ಲಿ ಕಾಣುವುದೇ ಇಲ್ಲ ಎಂದಳು ಥಾಮ್. ನೂರು ದೋಣಿಗೆ ಕಣ್ಣು ಬರೆದವನಿಗೆ ಎರಡು ಹುಬ್ಬು ಯಾವ ಲೆಕ್ಕ ಎಂದೆ. ಊಟದ ಕಡ್ಡಿಯ ತುದಿಗೆ ಮೂರು ಹೊಲಿಗೆ ಸೂಜಿ ಕಟ್ಟಿ, ಅಕ್ಷರ ಬರೆಯುವ ಮಸಿಕಡ್ಡಿ ತೇದು ಚುಚ್ಚಿದೆ. ಅವಳು ಒಂದು ಸಲವೂ ಅಯ್ಯೋ ಎನ್ನಲಿಲ್ಲ. ಫೋಟೋದಲ್ಲಿ ನೋಡಬೇಕು, ಎಂಥ ಹುಬ್ಬು!

ಇಲ್ಲಿಗೆ ಬಂದು ಎರಡು ವರ್ಷಕ್ಕೆ ನೀಲಿಯಾಯಿತು. ಅಂದಿನಿಂದ ನಾನು ಏಳುವುದಕ್ಕೆ ಮೊದಲೇ ಎದ್ದು ಪೆನ್ಸಿಲ್ ಹಚ್ಚಿಕೊಳ್ಳುತ್ತಾಳೆ.

ದೋಣಿಯ ಕಣ್ಣು ಎಂದೂ ನೀಲಿಯಾಗಲಿಲ್ಲ, ಅದು ಸತ್ಯ.

ಜೂನ್ 17, ಮಂಗಳವಾರ

ನನ್ನ ತೋಳಿನ ಮೇಲೆ ಮೂರನ್ನೂ ಹಾಕಿ ನೋಡು ಎಂದೆ. ಮೊದಲು ಒಪ್ಪಲಿಲ್ಲ. ಸೂಜಿ ಕೊಡು, ನಾನೇ ಚುಚ್ಚಿಕೊಳ್ಳುತ್ತೇನೆ ಎಂದ ಮೇಲೆ ಒಪ್ಪಿದಳು. ಎಡಗೈಯ ಒಳಮೈಯಲ್ಲಿ, ಬಿಸಿಲು ಬೀಳದ ಕಡೆ, ಮೂರು ಗೀರು. ಹಿರಿಯಣ್ಣ ಮಸಿ, ನಡುವಣ್ಣ ತುಕ್ಕು, ಕಿರಿಯಣ್ಣ ಬೆರಕೆ. ನೋವೇ ಆಗಲಿಲ್ಲ ಎಂದು ಅವಳಿಗೆ ಹೇಳಿದೆ. ನೋವಾಗಿತ್ತು.

ಗೆಲ್ಲುವವನು ಹಿರಿಯಣ್ಣನೇ, ಬರೆದಿಟ್ಟಿದ್ದೇನೆ.

ಮನೆಗೆ ಬಂದು ತೋಳು ತೋರಿಸಿ, ಇದು ನಿನಗಾಗಿ, ಇನ್ನು ಅಕ್ಟೋಬರ್ ರದ್ದು ಮಾಡುವ ಹಾಗಿಲ್ಲ ಎಂದೆ. ಥಾಮ್ ತೋಳನ್ನು ಮೂಗಿನ ಹತ್ತಿರಕ್ಕೆ ಎಳೆದುಕೊಂಡು ನೋಡಿದಳು. "ವಯಸ್ಸು ಅರವತ್ತೊಂಬತ್ತು, ಬುದ್ಧಿ ಒಂಬತ್ತು" ಎಂದಳು. ಆಮೇಲೆ ಇನ್ನೊಂದು ಮಾತು. "ವಾಸಿಯಾಗೋ ತನಕ ದನದ ಮಾಂಸ ಇಲ್ಲ, ಕೋಳಿ ಇಲ್ಲ, ಅಂಟಕ್ಕಿ ಇಲ್ಲ, ನೀರುಸೊಪ್ಪೂ ಇಲ್ಲ. ತಿಂದ್ರೆ ಕಲೆ ಉಬ್ಬುತ್ತೆ."

ಶನಿವಾರ ಅಂಗಡಿಗೆ ಬರುತ್ತಾಳಂತೆ.

ಜೂನ್ 21, ಶನಿವಾರ

ಥಾಮ್ ಒಳಗೆ ಹೋಗುತ್ತಲೇ ನನ್ನನ್ನು ಹೊರಗೆ ಕಳಿಸಿದರು. ಫೋ ಹೋಟೆಲಿನ ಗಾಜಿಗೆ ಬೆನ್ನು ಕೊಟ್ಟು ಎರಡು ಗಂಟೆ ನಿಂತೆ. ಒಳಗಿನಿಂದ ದನದ ಮೂಳೆ ಬೆಂದ ವಾಸನೆ ಬರುತ್ತಿತ್ತು. ಬೇರೆ ಕಡೆ ನಿಲ್ಲಬಹುದಿತ್ತು.

ಥಾಮ್ ಟೊಪ್ಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ಹೊರಬಂದು ನೇರ ಕಾರಿಗೆ ಹೋದಳು. ಕ್ವಿಯೆನ್ ಕೈಗವಸು ಬಿಚ್ಚುತ್ತ ಹೇಳಿದಳು. "ಅತ್ತೆನೂ ಅದನ್ನೇ ಹೇಳಿದ್ರು ಮಾವ. ಸಂತೆಯ ಯಾವಳೋ ಹೆಂಗಸು ಅಂತ. ಅಮ್ಮನ ಹತ್ರಾನೂ ಮೂವತ್ತು ವರ್ಷದಿಂದ ಹಾಗೇ ಹೇಳಿಕೊಂಡು ಬಂದಿದಾರಂತೆ. ಪಾಪ, ಆ ಹೆಂಗಸಿಗೆ ಗೊತ್ತಿರಲಿಲ್ಲ, ಬೈಯಬೇಡ ಅಂದ್ರು."

ಈ ಸುಳ್ಳನ್ನು ನಾನು ಕಟ್ಟಿದ್ದು ಕಳೆದ ಶನಿವಾರ ಎಂದುಕೊಂಡಿದ್ದೆ. ಥಾಮಳದನ್ನು ಯಾವಾಗಲೋ ಕೇಳಿಸಿಕೊಂಡು ನಾನೇ ಕದ್ದಿರಬೇಕು.

ಆ ಹೆಂಗಸು ನಾನೇ ಎಂದೆ ಕ್ವಿಯೆನಳಿಗೆ. ಅವಳು ನಗುತ್ತಾಳೆಂದು ಕಾದೆ. ನಗಲಿಲ್ಲ. ಟೀ ಬಟ್ಟಲು ತೊಳೆಯುವುದಿತ್ತು, ತೊಳೆದೆ.

ಜೂನ್ 25, ಬುಧವಾರ

ಫೋ ತಿಂದೆ. ದೊಡ್ಡ ಬಟ್ಟಲು, ದನದ್ದು. ಒಂದು ವಾರ ಮಾತ್ರ ತಡೆದೆ. ತಿಂದ ಮೇಲೆ ಕಾರಿನಲ್ಲಿ ಕೂತು ತೋಳು ನೋಡಿದೆ. ಉಬ್ಬಿಲ್ಲ. ಮನೆಗೆ ಹೋದರೆ ಇವಳು, ಬಟ್ಟೆ ಯಾಕೆ ಚಕ್ಕೆ ಲವಂಗದ ವಾಸನೆ ಬರುತ್ತಿದೆ ಎಂದಳು. ಕಣ್ಣು ಹೋದರೆ ಮೂಗು ಬರುತ್ತದೆ. ಅವಳು ಮಾತ್ರ ಅನ್ನ, ಬೇಯಿಸಿದ ಮೀನು ಬಿಟ್ಟು ಬೇರೇನೂ ಮುಟ್ಟಿಲ್ಲ.

ಜುಲೈ 6, ಭಾನುವಾರ

ತೋಳಿನ ಗಾಯದ ಹಕ್ಕಳೆ ಉದುರಿತು. ಹಿರಿಯಣ್ಣ ಎಲ್ಲರಿಗಿಂತ ಕಪ್ಪು. ಫೋಟೋ ತೆಗೆದು ಕ್ವಿಯೆನಳಿಗೆ ಕಳಿಸಿದೆ. "ಕಾಯಿರಿ ಮಾವ" ಎಂದು ಎರಡೇ ಪದ ಬರೆದಳು.

ಥಾಮಳ ಹುಬ್ಬು ಸದ್ಯಕ್ಕೆ ಕುಂಬಳಕಾಯಿ ಬಣ್ಣ. ಮನೆಯೊಳಗೂ ಟೊಪ್ಪಿ ತೆಗೆಯುವುದಿಲ್ಲ.

ಜುಲೈ 27, ಭಾನುವಾರ

ನಲವತ್ತು ದಿನವಾಯಿತು. ಬೆಳಿಗ್ಗೆ ಕಿಟಕಿಯ ಹತ್ತಿರ ತೋಳಿಟ್ಟು ನೋಡಿದೆ. ಹಿರಿಯಣ್ಣನ ಅಂಚು ತಣ್ಣಗೆ ನೀಲಿಗೆ ಹೊರಳಿದೆ. ಮೊದಲು ನೆರಳಿರಬೇಕೆಂದುಕೊಂಡು ಅಂಗಳಕ್ಕೆ ಹೋದೆ. ಅಲ್ಲೂ ನೀಲಿ. ಗೀರು ಕೂಡ ಹಾಕಿದಾಗಿನದಕ್ಕಿಂತ ಅಗಲವಾಗಿದೆ, ಒದ್ದೆ ಕಾಗದದ ಮೇಲೆ ಹರಡಿದ ಹಾಗೆ. ನಡುವಣ್ಣ ಮಾಸಿ ಕಡುಟೀ ಬಣ್ಣಕ್ಕಿಳಿದಿದ್ದಾನೆ. ಕಿರಿಯಣ್ಣ ಕಪ್ಪಾಗಿಯೇ ಇದ್ದಾನೆ, ಆದರೆ ಮೊದಲಿನ ಜಂಬ ಇಲ್ಲ.

ಜೂನ್ 17ರ ಹಾಳೆ ಹರಿಯೋಣವೆಂದುಕೊಂಡೆ. ಬಿಟ್ಟೆ.

ಹಾಗಾದರೆ ಕಿರಿಯಣ್ಣನೇ ಸರಿಯಲ್ಲವೇ ಎಂದು ಕ್ವಿಯೆನಳನ್ನು ಕೇಳಿದೆ. ಆರು ವಾರಕ್ಕೆ ಇವನು ಸರಿ, ಐದು ವರ್ಷಕ್ಕೆ ಹೇಗೋ ನನಗೂ ಗೊತ್ತಿಲ್ಲ ಎಂದಳು. ಹದಿನಾಲ್ಕು ವರ್ಷದಿಂದ ಇದೇ ಕಸುಬು ಮಾಡುತ್ತಿರುವವಳು ಗೊತ್ತಿಲ್ಲ ಎನ್ನುತ್ತಾಳೆ, ಮುಖದಲ್ಲಿ ನಾಚಿಕೆಯೂ ಇಲ್ಲ.

ಆಗಸ್ಟ್ 2, ಶನಿವಾರ

ಐದು ವರ್ಷ ಕಾಯಲಾಗದವನು ಐದು ವರ್ಷ ಹಳೆಯ ಹುಬ್ಬು ಹುಡುಕಬೇಕು. ಕಾಫಿ ಅಂಗಡಿ, ಮೀನು ಮಾರ್ಕೆಟ್ಟು, ಪಗೋಡದ ಊಟದ ಸಾಲು, ಎಲ್ಲ ಕಡೆ ವಾರವಿಡೀ ಹೆಂಗಸರ ಹುಬ್ಬು ನೋಡಿದೆ. ನನ್ನ ವಯಸ್ಸಿನವರಲ್ಲಿ ನೀಲಿ ಹನ್ನೊಂದು, ಇಟ್ಟಿಗೆ ಕೆಂಪು ಆರು. ಮಾಸಿದರೂ ಮರ್ಯಾದೆಯಿಂದ ಇದ್ದವು ನಾಲ್ಕು. ಮೀನಿನ ಸಾಲಿನಲ್ಲಿ ಒಬ್ಬಾಕೆ ತಿರುಗಿ ನಿಂತರು.

"ಏನ್ರೀ ಅಜ್ಜಾರೆ, ಮೀನು ಆ ಕಡೆ ಇದೆ."

ಹುಬ್ಬು ಯಾವಾಗ ಹಾಕಿಸಿದ್ದು ಎಂದು ಕೇಳಿದೆ. ನಿಮ್ಮ ಹೆಂಡತಿಗೆ ಫೋನ್ ಮಾಡಬೇಕಾ ಎಂದರು. ತೋಳು ಎತ್ತಿ ಮೂರು ಗೀರು ತೋರಿಸಿ, ಹೆಂಡತಿಗಾಗಿಯೇ ಕೇಳುತ್ತಿರುವುದು ಎಂದ ಮೇಲೆ ಮೆತ್ತಗಾದರು. ತೊಂಬತ್ತೈದರಲ್ಲಿ, ಸೈಗಾನಿನಲ್ಲಿ, ಅತ್ತಿಗೆಯ ಕೈಯಿಂದ ಹಾಕಿಸಿದ್ದಂತೆ. ಹಾಕಿದಾಗ ಕಾಗೆಯ ರೆಕ್ಕೆಯ ಹಾಗೆ ಹೊಳೆಯುತ್ತಿತ್ತಂತೆ. ಅತ್ತಿಗೆ ಸತ್ತು ಎಂಟು ವರ್ಷವಾಯಿತು, ಈಗ ಬೈಯೋಣವೆಂದರೂ ಯಾರನ್ನು ಬೈಯಲಿ ಎಂದರು.

ಬರುವಾಗ ದಾರಿಯಲ್ಲಿ ದೋಣಿಗಳ ನೆನಪಾಯಿತು. ಪ್ರತಿ ವರ್ಷ ಹೊಸ ವರ್ಷಕ್ಕೆ ಮೊದಲು ದೋಣಿಯನ್ನು ದಡಕ್ಕೆಳೆದು, ಹಳೆಯ ಕಣ್ಣು ಕೆರೆದು, ಹೊಸದು ಬರೆಯುತ್ತಿದ್ದೆ. ಹನ್ನೆರಡು ತಿಂಗಳು ದಾಟಿದ ನನ್ನ ಕಪ್ಪನ್ನು ನಾನು ನೋಡಿಯೇ ಇರಲಿಲ್ಲ. ಥಾಮಳ ಮುಖದ ಮೇಲೆ ಬಿಟ್ಟರೆ ಇನ್ನೆಲ್ಲೂ ನೋಡಿಲ್ಲ. ಅಲ್ಲೂ ನೋಡಲಿಲ್ಲ, ಅವಳು ಪೆನ್ಸಿಲ್ ಹಚ್ಚುತ್ತಿದ್ದಳಲ್ಲ.

ಆಗಸ್ಟ್ 16, ಶನಿವಾರ

ಇವತ್ತು ಕಪ್ಪಿನ ದಿನ. ಈ ಸಲ ನನ್ನನ್ನು ಹೊರಗೆ ಕಳಿಸಲಿಲ್ಲ. ಇರಲಿ ಬಿಡು ಎಂದಳು ಥಾಮ್.

ಟೊಪ್ಪಿ ತೆಗೆದಳು. ದೀಪ ನೇರ ಮುಖದ ಮೇಲಿತ್ತು. ನೀಲಿ ಹೋಗಿದೆ. ಅಲ್ಲಿ ಈಗ ಒಣಗಿದ ಬಾಳೆಸಿಪ್ಪೆಯಂಥ ಮಂಕು ಕಂದು. ಅದರ ನಡುವೆ ನನ್ನ ಸೂಜಿಯ ದಾರಿ ಇನ್ನೂ ಕಾಣುತ್ತದೆ. ಎಡಗಡೆ ಸೊಟ್ಟಗಿದೆ. ಆಗ ಕೈ ನಡುಗಿತ್ತೋ ಏನೋ. ನಡುಗಲಿಲ್ಲವೆಂದೇ ನನ್ನ ನೆನಪು.

ಅವಳ ಸ್ವಂತ ಹುಬ್ಬಿನ ಕೂದಲು ಹದಿನೈದು ಇಪ್ಪತ್ತು ಉಳಿದಿವೆ, ಅವೂ ಬೆಳ್ಳಗೆ.

ಕ್ವಿಯೆನ್ ಮೂರು ಸೀಸೆ ಮುಂದಿಟ್ಟಳು. ಥಾಮ್ ಅವುಗಳತ್ತ ನೋಡಲಿಲ್ಲ, ನೋಡಿದರೂ ಅವಳಿಗೆ ಮೂರೂ ಒಂದೇ. ನನ್ನ ಕಡೆಗೆ ತಿರುಗಿದಳು.

"ಯಾವ ಕಪ್ಪು ಅಂತ ನೀವೇ ಹೇಳಿ. ಅವತ್ತೂ ನೀವೇ ಹೇಳಿದ್ದು."

ತೋಳು ನೋಡಿಕೊಂಡೆ. ಕಿರಿಯಣ್ಣ ಎನ್ನಲು ಬಾಯಿ ತೆರೆದೆ, ಬಂದ ಮಾತು ಬೇರೆ. "ನಂಗೆ ಗೊತ್ತಿಲ್ಲ ಕಣೆ. ಎಂಟು ವಾರದ ಮಟ್ಟಿಗೆ ಕೊನೇದು ಸರಿ ಇದೆ. ಮುಂದೆ ಏನಾಗುತ್ತೋ ಗೊತ್ತಿಲ್ಲ" ಎಂದೆ.

ಥಾಮ್ ತಲೆ ಹಿಂದಕ್ಕೆ ಒರಗಿಸಿ ಕ್ವಿಯೆನಳಿಗೆ ಹೇಳಿದಳು. "ಮದ್ವೆಯಾಗಿ ನಲವತ್ತೆರಡು ವರ್ಷ ಆಯ್ತು. ಈ ಮಾತು ಇವತ್ತೇ ಕೇಳಿದ್ದು. ಕೊನೇದನ್ನೇ ಹಾಕು."

ಕ್ವಿಯೆನ್ ಅದಕ್ಕೆ ಕಂದು ಸೇರಿಸಿ, ನೀರು ಸೇರಿಸಿ, ಕಪ್ಪು ಎನ್ನಲೂ ಆಗದ ಹಾಗೆ ತೆಳು ಮಾಡಿದಳು. ಕಪ್ಪನ್ನು ಮೇಲಿಂದ ಸೇರಿಸಬಹುದು, ತೆಗೆಯಲಾಗದು ಅಂತೆ. ಕೂದಲೆಳೆಯಂಥ ಗೀರು ಒಂದೊಂದಾಗಿ ಎಳೆಯುತ್ತ ಹೋದಳು. ನಡುವೆ ಸೂಜಿಯ ಹಿಡಿಯನ್ನು ನನ್ನ ಕಡೆಗೆ ಚಾಚಿದಳು. "ಒಂದು ಗೀರು ನೀವೇ ಹಾಕ್ತೀರಾ ಮಾವ? ನೂರು ದೋಣಿ ಬರೆದ ಕೈ."

ಕೈಗಳನ್ನು ಜೇಬಿಗೆ ಹಾಕಿಕೊಂಡೆ. ಚಳಿ ಇತ್ತು. ಆ ಅಂಗಡಿಯಲ್ಲಿ ಏಸಿ ಯಾವಾಗಲೂ ಜಾಸ್ತಿ.

ಆಗಸ್ಟ್ 28, ಗುರುವಾರ

ಹನ್ನೆರಡು ದಿನದಿಂದ ದನದ ಮಾಂಸ ಮುಟ್ಟಿಲ್ಲ. ಗಾಯ ಅವರದು, ನಿಮಗೆ ಯಾಕೆ ಪಥ್ಯ ಎಂದು ಹೋಟೆಲಿನವನು ಕೇಳುತ್ತಾನೆ. ಅನ್ನ, ಬೇಯಿಸಿದ ಮೀನು. ಅಭ್ಯಾಸವಾಗುತ್ತದೆ.

ಸೆಪ್ಟೆಂಬರ್ 9, ಮಂಗಳವಾರ

ಬ್ಯಾಂಕಿನ ಖುಯೆ ಮತ್ತೆ ಬಂದಿದ್ದರು. ಬೇರೆಲ್ಲೋ ವಿಚಾರಿಸಿ ಬಂದರಂತೆ. ಏನ್ರೀ, ನೀವು ಹೇಳಿದ ಕಪ್ಪು ಇದೆಯಾ ಎಂದರು. ಟೀ ಕೊಟ್ಟೆ. ಹೊರಗೆ ಸೆಕೆ ಎಂದೆ. ಬಿಡಲಿಲ್ಲ, ಮತ್ತೆ ಕೇಳಿದರು. ಅಂಗಿಯ ತೋಳು ಮಡಚಿ ಮೇಜಿನ ಮೇಲೆ ಕೈ ಇಟ್ಟು, ಇದು ನಾನು ನಿಮಗೆ ಹೇಳಿದ ಕಪ್ಪು, ಹಾಕಿ ಹನ್ನೆರಡು ವಾರ ಎಂದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಒಳಗೆ ಹೋಗಿ ಕಂದು ಹಾಕಿಸಿಕೊಂಡರು.

ಕ್ವಿಯೆನ್, ಇನ್ನು ಮೇಲೆ ತುಂಬುತೋಳಿನ ಅಂಗಿ ಹಾಕಿಕೊಂಡು ಬರಬೇಡಿ ಎಂದಳು, ಅಷ್ಟೇ.

ಸೆಪ್ಟೆಂಬರ್ 28, ಭಾನುವಾರ

ಆರು ವಾರ. ಥಾಮಳ ಹುಬ್ಬಿನ ಗಾಯ ಪೂರ್ತಿ ಒಣಗಿದೆ, ಆಪರೇಷನ್‌ಗೆ ಅಡ್ಡಿಯಿಲ್ಲವೆಂದು ಡಾಕ್ಟರ ಕಡೆಯವರು ಹೇಳಿದರು. ಆದರೂ ಇವತ್ತು ಬೆಳಿಗ್ಗೆ ಪೆನ್ಸಿಲ್ ಹಚ್ಚಿಕೊಂಡೇ ಅಡುಗೆಮನೆಗೆ ಬಂದಳು. ಹೊಸ ಹುಬ್ಬಿನ ಮೇಲೆ, ಒಂದು ಬೆರಳು ಎತ್ತರದಲ್ಲಿ, ಇನ್ನೊಂದು ಹುಬ್ಬು. ಅವಳಿಗೆ ಹೊಸದು ಕಾಣುವುದಿಲ್ಲವಲ್ಲ. ನೀಲಿ ಹೋಗಿದೆ ಎಂದು ನಾನು ಎಷ್ಟು ಸಲ ಹೇಳಿದರೇನು? ನನ್ನ ಮಾತನ್ನು ಅವಳು ಯಾಕೆ ನಂಬಬೇಕು ಎಂದು ನನಗೇ ಅನಿಸಿತು.

ಅಕ್ಟೋಬರ್ 20, ಸೋಮವಾರ

ನಾಳೆ ಏಳು ಗಂಟೆಗೆ ಅಲ್ಲಿರಬೇಕು. ಪೆನ್ಸಿಲನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ ತನ್ನ ಚೀಲದಲ್ಲಿಟ್ಟುಕೊಂಡಿದ್ದಾಳೆ. ಅಕಸ್ಮಾತ್ ಬೇಕಾದರೆ ಅಂತೆ. ಹೋಗುವುದಿಲ್ಲ ಎಂದು ಮಾತ್ರ ಹೇಳಿಲ್ಲ.

ಅಕ್ಟೋಬರ್ 21, ಮಂಗಳವಾರ

ಆಯಿತು. ಬಲಗಣ್ಣಿಗೆ ತೂತುತೂತಿನ ಪ್ಲಾಸ್ಟಿಕ್ ಮುಚ್ಚಳ ಅಂಟಿಸಿದ್ದಾರೆ. ಒಳಗೆ ಹೋಗುವ ಮುಂಚೆ ನರ್ಸ್ ಒದ್ದೆ ಬಟ್ಟೆಯಿಂದ ಮುಖ ಒರೆಸಿದಾಗ ಥಾಮ್ ನನ್ನ ಕೈ ಹಿಡಿದಿದ್ದಳು. ನರ್ಸ್ ಹುಬ್ಬು ನೋಡಿದಳು, ಟೊಪ್ಪಿ ಹಾಕಿ ಕರೆದುಕೊಂಡು ಹೋದಳು. ಯಾರೂ ಏನೂ ಅನ್ನಲಿಲ್ಲ. ಅದೇ ದೊಡ್ಡದು.

ಅಕ್ಟೋಬರ್ 22, ಬುಧವಾರ

ಬೆಳಿಗ್ಗೆ ಡಾಕ್ಟರು ಮುಚ್ಚಳ ತೆಗೆದರು. ಮನೆಗೆ ಬಂದವಳು ನೇರ ಬಚ್ಚಲಮನೆಯ ಕನ್ನಡಿಯ ಮುಂದೆ ನಿಂತಳು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತ ಕೂತೆ. ನಮ್ಮ ಕಾಫಿ ಹನಿಹನಿಯಾಗಿ ಇಳಿಯುವುದು. ಲೋಟ ತುಂಬಿತು, ಅವಳು ಬರಲಿಲ್ಲ. ಇನ್ನೊಂದು ಲೋಟಕ್ಕೆ ಇಟ್ಟೆ.

ಬಂದಳು. ಪೆನ್ಸಿಲ್ ಇಲ್ಲ, ಟೊಪ್ಪಿ ಇಲ್ಲ. ನನ್ನ ಎಡಗೈ ಹಿಡಿದು ಕಿಟಕಿಯ ಬೆಳಕಿಗೆ ಒಯ್ದು ಮೂರು ಗೀರನ್ನೂ ನೋಡಿದಳು. ಹಿರಿಯಣ್ಣನ ಮೇಲೆ ಉಗುರಿಟ್ಟಳು.

"ಇದೇ ಅಲ್ವಾ ಅವತ್ತಿನದು?"

ಹೌದೆಂದೆ.

"ಎಷ್ಟು ನೀಲಿ" ಎಂದಳು. ಬೈಗುಳವಾಗಿ ಅಲ್ಲ, ಸೊಪ್ಪು ಎಷ್ಟು ಎಳೆಯದು ಎನ್ನುವ ಹಾಗೆ. ಇದನ್ನು ತೆಗೆಸಿಬಿಡಿ ಎಂದಳು. ಬೇಡ, ಐದು ವರ್ಷ ಇರಲಿ, ಏನಾಗುತ್ತದೋ ನೋಡಿ ಕ್ವಿಯೆನಳಿಗೆ ಹೇಳಬೇಕು ಎಂದೆ.

ಕೈ ಬಿಟ್ಟು ನನ್ನ ಮುಖ ನೋಡಿದಳು. ಅಷ್ಟು ಹತ್ತಿರದಿಂದ ಅವಳು ನೋಡಿ ಎಷ್ಟು ವರ್ಷವಾಯಿತೋ. ನಾನು ಒಂದು ತಮಾಷೆಯ ಮಾತು ಸಿದ್ಧ ಮಾಡಿಕೊಂಡಿದ್ದೆ, ಜೂನ್‌ನಿಂದಲೂ. ಬಾಯಿಗೆ ಬರಲಿಲ್ಲ.

"ರೀ, ನಿಮ್ಮ ಹುಬ್ಬು ಯಾವಾಗ ಇಷ್ಟು ಬೆಳ್ಳಗಾಯ್ತು?"

ನನಗೂ ಗೊತ್ತಿಲ್ಲ ಎಂದೆ. ಅವಳು ಹೆಬ್ಬೆರಳಿನಿಂದ ಒಮ್ಮೆ ಸವರಿ ನೋಡಿ, ಹಾಗೇ ಇರಲಿ ಎಂದಳು. ಕಾಫಿ ಆರಿತ್ತು. ಇಬ್ಬರೂ ಕುಡಿದೆವು.